ಹಗ್ಗದ ಉದ್ದ

ಬೆಂಗಳೂರಿನ ನೈಸ್ ರಸ್ತೆಗೆ ಎರಡು ತುದಿ. ಒಂದು ತುಮಕೂರು ರಸ್ತೆಯಲ್ಲಿ, ಪೀಣ್ಯದ ಕಾರ್ಖಾನೆಗಳ ಕಡೆ. ಇನ್ನೊಂದು ಹೊಸೂರು ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ. ಎರಡರ ನಡುವೆ, ಕನಕಪುರ ರಸ್ತೆಗೂ ಕೆಂಗೇರಿಗೂ ಮಧ್ಯೆ, ತುರಹಳ್ಳಿ ಕಾಡಿದೆ. ಐನೂರು ಚಿಲ್ಲರೆ ಎಕರೆಯಲ್ಲಿ ನೀಲಗಿರಿ, ಕುರುಚಲು, ಲಂಟಾನ; ಅವುಗಳ ನಡುವಿನಿಂದ ಎದ್ದ ಬೋಳು ಬಂಡೆಗಳ ಗುಡ್ಡ. ದೊಡ್ಡ ಬೆಟ್ಟವೇನಲ್ಲ, ಬೇಗ ಹತ್ತಿ ಮುಗಿಸಬಹುದು. ಆದರೆ ನೆತ್ತಿಯಲ್ಲಿ ನಿಂತರೆ ಊರು ನಾಲ್ಕೂ ಕಡೆಯಿಂದ ಹೇಗೆ ಒತ್ತಿ ಬರುತ್ತಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಆ ಎರಡು ತುದಿಗಳಿಂದ ಇಬ್ಬರು ಭಾನುವಾರ ಬೆಳಿಗ್ಗೆ ಇಲ್ಲಿಗೆ ಬರುತ್ತಾರೆ. ಹಿರಿಯರು ಮದ್ದೂರು ತಾಲ್ಲೂಕಿನಿಂದ ಬಂದು ಪೀಣ್ಯದಲ್ಲಿ ಲೇತ್ ಮುಂದೆ ಮೂವತ್ತೆರಡು ವರ್ಷ ನಿಂತವರು. ಯುವತಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸದವಳು, ಹಕ್ಕಿ ನೋಡುವ ಹುಚ್ಚಿನವಳು. ಅವರ ಜೊತೆ ಕರಿಯ, ಹನ್ನೊಂದು ವರ್ಷದ ನಾಡುನಾಯಿ. ಇವಳ ಜೊತೆ ಬ್ರೂನೋ, ಮೂರು ತುಂಬದ ಲ್ಯಾಬ್ರಡಾರ್. ಕರಿಯನ ಕೊರಳಿಗೆ ಪಟ್ಟಿ ಉಂಟು, ಹಗ್ಗವಿಲ್ಲ. ಬ್ರೂನೋಗೆ ಹಗ್ಗ ಬಿಚ್ಚಿದ್ದೇ ಇಲ್ಲ. ನಾನು ನಾಯಿ ಸಾಕದವನು. ಒಂದು ವರ್ಷ ಇವರ ಹಿಂದೆ ನಡೆದೆ. ಅವರ ಜಗಳ ನನ್ನೊಳಗೂ ಇದ್ದದ್ದರಿಂದ ಬರೆದಿಟ್ಟುಕೊಂಡೆ.

ಏಪ್ರಿಲ್. ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಬಂಡೆ ನಿನ್ನೆಯ ಬಿಸಿಲನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಮುಟ್ಟಿದರೆ ಒಲೆಯಿಂದ ಇಳಿಸಿಟ್ಟ ಕಾವಲಿಯ ಹಾಗೆ ಬೆಚ್ಚಗಿತ್ತು.

ಯುವತಿ: ಅಂಕಲ್, ಇವತ್ತು ಏಳಕ್ಕೆಲ್ಲ ಇಳಿದುಬಿಡೋಣ. ಆಮೇಲೆ ಪಾದ ಸುಡುತ್ತೆ. ಬಂಡೆ ಮೇಲೆ ಕೈ ಇಟ್ಟು ಐದು ಎಣಿಸೋಕೆ ಆಗದಿದ್ರೆ ನಾಯೀನ ನಡೆಸಬಾರದು.

ಹಿರಿಯರು: ಕರಿಯನಿಗೆ ಅದನ್ನ ನಾನು ಹೇಳಿಕೊಡಬೇಕಾಗಿಲ್ಲ ಕಣಮ್ಮ. ನೋಡು, ನೆರಳಿಂದ ನೆರಳಿಗೆ ದಾಟ್ತಾನೆ. ಬಿಟ್ಟ ನಾಯಿ ತನ್ನ ದಾರಿ ತಾನು ನೋಡ್ಕೊಳ್ಳುತ್ತೆ. ಕಟ್ಟಿದ ನಾಯಿ ನಿನ್ನ ದಾರೀಲಿ ನಡೀಬೇಕು. ನೀನೋ ಶೂ ಹಾಕ್ಕೊಂಡಿದ್ದೀಯ.

ಅವಳು ತನ್ನ ಶೂ ನೋಡಿಕೊಂಡಳು, ಬ್ರೂನೋನ ಪಾದ ನೋಡಿದಳು, ಬಂಡೆ ಬಿಟ್ಟು ಮಣ್ಣಿನ ಅಂಚಿಗೆ ಸರಿದಳು.

ಯುವತಿ: ಈ ಮಾತು ಒಪ್ಪಿದೆ. ಈಗ ಹತ್ತು ಹೆಜ್ಜೆ ಈ ಕಡೆ ಬನ್ನಿ. ಕರಿಯ ಅಲ್ಲೇ ಇರಲಿ. ಆ ಜಲ್ಲಿ ಕಲ್ಲು ಹರಡಿರೋ ಜಾಗ ನೋಡಿ. ಏನು ಕಾಣುತ್ತೆ?

ಹಿರಿಯರು: ಕಲ್ಲು.

ಯುವತಿ: ಇನ್ನೊಂದು ಸಲ ನೋಡಿ.

ಅವರು ಮಂಡಿಯ ಮೇಲೆ ಕೈಯೂರಿ ಬಾಗಿದರು. ನಾನೂ ಬಾಗಿದೆ. ಬಹಳ ಹೊತ್ತು ಕಲ್ಲೇ ಕಂಡಿತು. ಆಮೇಲೆ ನಾಲ್ಕು ಕಲ್ಲು ಮಾತ್ರ ತೀರಾ ಒಂದೇ ಆಕಾರದಲ್ಲಿವೆ ಅನ್ನಿಸಿತು. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ, ಚೂಪು ತುದಿಗಳೆಲ್ಲ ಒಳಮುಖವಾಗಿ ಜೋಡಿಸಿದ ನಾಲ್ಕು ಮೊಟ್ಟೆ. ಗೂಡು ಅನ್ನುವಂಥದ್ದೇನೂ ಇಲ್ಲ, ನೆಲ ಕೆರೆದ ಒಂದು ತಗ್ಗು ಅಷ್ಟೆ. ತಲೆಯ ಮೇಲೆ ಟಿಟ್ಟಿಭ ಹಕ್ಕಿ ಒಂದೇ ಸಮನೆ ಕಿರುಚುತ್ತ ಸುತ್ತು ಹಾಕುತ್ತಿತ್ತು.

ಹಿರಿಯರು: ಎಷ್ಟೋ ವರ್ಷದಿಂದ ಇದೇ ಬಂಡೆ ದಾಟ್ತಿದ್ದೀನಿ. ಕಂಡಿರಲಿಲ್ಲ.

ಯುವತಿ: ಬಿಸಿಲು ಏರಿದಾಗ ಈ ಹಕ್ಕಿ ನೀರಿಗೆ ಹೋಗಿ ಹೊಟ್ಟೆ ಗರಿ ನೆನೆಸ್ಕೊಂಡು ಬಂದು ಮೊಟ್ಟೆ ಮೇಲೆ ಕೂತ್ಕೊಳ್ಳುತ್ತೆ, ತಂಪಿಗೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ 39.2 ಡಿಗ್ರಿ ಆಗಿತ್ತಲ್ಲ, ಅಂಥ ದಿನ ಬಂಡೆ ಹೇಗಿರುತ್ತೆ ನೀವೇ ಯೋಚಿಸಿ. ನಾಯಿ ಮೊಟ್ಟೆ ಮುಟ್ಟೋದೇ ಬೇಡ. ಹಕ್ಕಿ ಹೆದರಿ ಅರ್ಧ ಗಂಟೆ ಎದ್ದು ಹೋದ್ರೆ ಸಾಕು, ಒಳಗೆ ಬೇಯುತ್ತೆ.

ಹಿರಿಯರು: ಆ ಹಕ್ಕಿ ನಾಯಿಗೆ ಮಾತ್ರ ಏಳುತ್ತಾ? ಈಗ ಎದ್ದಿರೋದು ನಮ್ಮ ಮೂರು ಜನಕ್ಕೆ. ಕರಿಯ ಅಲ್ಲೇ ಕೂತಿದ್ದಾನೆ.

ಯುವತಿ: ನಮಗೂ ಏಳುತ್ತೆ. ನಾಯಿ ಜೊತೆಗಿದ್ರೆ ಇನ್ನೂ ಜಾಸ್ತಿ. ಸಿಡ್ನಿ ಹತ್ತಿರದ ಕಾಡಲ್ಲಿ ಅಳೆದು ನೋಡಿದ್ದಾರೆ, 2007ರಲ್ಲಿ ಪ್ರಕಟವಾಯ್ತು. ನಾಯಿ ನಡೆಸಿದ ದಾರೀಲಿ ಹಕ್ಕಿಗಳ ಸಂಖ್ಯೆ ಶೇ 41ರಷ್ಟು ಇಳಿದಿತ್ತು. ಬಗೆಗಳು ಶೇ 35.

ಹಿರಿಯರು: ಬಿಟ್ಟ ನಾಯಿಗಳಾ?

ಯುವತಿ: ಇಲ್ಲ. ಎಲ್ಲಾ ಹಗ್ಗದಲ್ಲಿದ್ದ ನಾಯಿಗಳು.

ಹಿರಿಯರು: ಹಾಗಾದ್ರೆ ನಿನ್ನ ಹಗ್ಗ ಯಾರಿಗೋಸ್ಕರ?

ಯುವತಿ: ಅದನ್ನ ಓದಿದ ಮೇಲೆ ಎರಡು ಭಾನುವಾರ ನಾನು ಬರಲಿಲ್ಲ ಅಂಕಲ್. ಇವನು ಬಾಗಿಲ ಹತ್ತಿರ ಹಗ್ಗ ಕಚ್ಕೊಂಡು ಬಂದು ಕೂತ. ಮೂರನೇ ವಾರ ಬಂದೆ. ನನ್ನ ಹತ್ತಿರ ಉತ್ತರ ಇಲ್ಲ.

ನಾವು ಮೂವರೂ ಬೇಗ ಅಲ್ಲಿಂದ ಸರಿದೆವು. ಹಕ್ಕಿ ಇಳಿಯಿತೋ ಇಲ್ಲವೋ ಎಂದು ಹಿರಿಯರು ದೂರದಿಂದ ತಿರುಗಿ ತಿರುಗಿ ನೋಡುತ್ತಿದ್ದರು. ಇಳಿಯಿತು.

ಭರಣಿ ಮಳೆ ಬಿದ್ದ ಮರುದಿನ ಗುಡ್ಡಕ್ಕೆ ಬಂದರೆ ಅದು ಬೇರೆಯೇ ಗುಡ್ಡ. ಬಂಡೆಯ ಕುಳಿಗಳಲ್ಲಿ ನೀರು, ಮಣ್ಣಿನಿಂದ ಹಬೆಯಂಥ ವಾಸನೆ, ಹುತ್ತಗಳ ಬಾಯಿಂದ ಈಸಲು ಹುಳ ಹೊಗೆಯ ಹಾಗೆ ಏಳುತ್ತಿದ್ದವು. ಕರಿಯ ಹುತ್ತದ ಮುಂದೆ ನಿಂತು ಹಾರುವ ಹುಳುಗಳನ್ನು ಗಾಳಿಯಲ್ಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬ್ರೂನೋಗೆ ಅಂದು ಹೊಸ ಹಗ್ಗ, ಮೂವತ್ತು ಅಡಿಯದು.

ಹಿರಿಯರು: ಇದೇನಮ್ಮ, ಬಾವಿಗೆ ಬಿಡೋ ಹಗ್ಗ!

ಯುವತಿ: ಆರಡಿ ಹಗ್ಗ ಅಂದ್ರೆ ಇವನಿಗೆ ಆರಡಿ ಗುಡ್ಡ ಅಂತ ನೀವೇ ಅಂದಿದ್ರಲ್ಲ. ಅದು ಮನಸ್ಸಲ್ಲೇ ಉಳೀತು.

ಹಿರಿಯರು: ಮೂವತ್ತಡಿ ಆದ್ರೂ ಅಷ್ಟೇ. ಇವತ್ತಿನ ನೆಲ ನೋಡು. ಒದ್ದೆ ನೆಲದಲ್ಲಿ ವಾಸನೆ ಎದ್ದು ನಿಲ್ಲುತ್ತೆ. ಇಲ್ಲಿ ರಾತ್ರಿ ಮೊಲ ದಾಟಿದೆ, ಅಲ್ಲಿ ಮುಂಗುಸಿ. ಕರಿಯ ಓದ್ತಾ ಹೋಗ್ತಾನೆ, ನಾನು ಅವನ ಹಿಂದೆ ಓದ್ತೀನಿ. ಮೂವತ್ತೆರಡು ವರ್ಷ ನನ್ನ ಮೂಗಿಗೆ ಕೂಲಂಟ್ ಎಣ್ಣೆ ಬಿಟ್ಟು ಬೇರೆ ವಾಸನೆ ಹತ್ತಿರಲಿಲ್ಲ. ಹೆಂಡತಿ ಒಗ್ಗರಣೆ ಹಾಕಿದ್ರೂ ಗೊತ್ತಾಗ್ತಿರಲಿಲ್ಲ. ರಿಟೈರಾದ ಮೇಲೆ ಇವನ ಜೊತೆ ನಡೆದು ನಡೆದು ಸ್ವಲ್ಪ ಸ್ವಲ್ಪ ವಾಪಸ್ ಬಂತು. ಅವನು ನಿಂತ ಕಡೆ ನಿಂತೆ, ಬಾಗಿದ ಕಡೆ ಬಾಗಿದೆ. ಮೊಲದ ಹಿಕ್ಕೆ ಹಸಿಯೋ ಹಳೇದೋ ಈಗ ಹೇಳಬಲ್ಲೆ. ಕಟ್ಟಿ ಹಿಡಿದ್ರೆ ಅವನು ನನ್ನ ಮುಖ ನೋಡ್ತಾ ನಡೀತಾನೆ. ಆಗ ಇಬ್ಬರಿಗೂ ಗುಡ್ಡ ಇಲ್ಲ.

ಯುವತಿ: ನೀವು ಹೇಳೋದು ನನಗೆ ಗೊತ್ತು. ನನಗೂ ಇವನಿಂದಲೇ ಗುಡ್ಡ ಸಿಕ್ಕಿದ್ದು. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ ಕಡೆ ನಮ್ಮ ಬಡಾವಣೆ ಮುಳುಗಿತ್ತು. ಟ್ರಾಕ್ಟರ್‌ನಲ್ಲಿ ನಿಂತು ಆಚೆ ಬಂದ್ವಿ. ಇವನು ಇಷ್ಟುದ್ದ ಮರಿ, ನನ್ನ ಜರ್ಕಿನ್ ಒಳಗೆ. ಆಮೇಲೆ ಎಷ್ಟೋ ದಿನ ನೀರು ಅಂದ್ರೆ ನಡುಗ್ತಿದ್ದ. ನನಗೂ ರಾತ್ರಿ ಮಳೆ ಸದ್ದು ಕೇಳಿದ್ರೆ ಎದೆ ಹಾರೋದು. ಎತ್ತರದ ಜಾಗ ಬೇಕು ಅಂತ ಹುಡುಕ್ಕೊಂಡು ಇಲ್ಲಿಗೆ ಬಂದೆ. ಮಳೆ ನೀರು ಬಂಡೆ ಮೇಲೆ ಹರಿದು ಇಳಿದು ಹೋಗೋದನ್ನ ಇಬ್ಬರೂ ಕೂತು ನೋಡಿದ್ವಿ. ಅವತ್ತಿಂದ ಇವನು ನೀರಿಗೆ ಹೆದರಲ್ಲ.

ಹಿರಿಯರು: ಇಷ್ಟು ಗೊತ್ತಿದ್ದೂ ಕಟ್ತೀಯ.

ಯುವತಿ: ಗೊತ್ತಿರೋದಕ್ಕೇ ಕಟ್ತೀನಿ. ಇವನಿಗೆ ಗುಡ್ಡ ಓದೋಕೆ ಬರುತ್ತೆ ಅಂದ್ರೆ ಮೊಲದ ಮನೆ ಎಲ್ಲಿದೆ ಅಂತ ಗೊತ್ತಾಗುತ್ತೆ ಅಂತಲೇ ಅರ್ಥ ಅಲ್ವಾ?

ಅಲ್ಲಿಂದ ಕೆಳಗಿಳಿಯುವವರೆಗೆ ಹಿರಿಯರು ಮಾತಾಡಲಿಲ್ಲ. ನನ್ನ ಮನಸ್ಸು ಅಂದು ಅವರ ಕಡೆಗೆ ವಾಲಿತ್ತು. ಕಳೆದುಹೋದ ಮೂಗನ್ನು ನಾಯಿಯಿಂದ ತಿರುಗಿ ಪಡೆದವರಿಗೆ ಹಗ್ಗ ಹಿಡಿಯಿರಿ ಎಂದು ಹೇಳುವುದು ಸುಲಭವಲ್ಲ.

ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ಮಾತು ಜಗಳಕ್ಕೇ ತಿರುಗಿತು. ನೆತ್ತಿಯ ಹತ್ತಿರ ಲಂಟಾನ ಪೊದೆಯಿಂದ ಒಂದು ಹೆಣ್ಣು ನವಿಲು ಎದ್ದಿತು. ಬ್ರೂನೋ ನುಗ್ಗಿದ. ಮೂವತ್ತು ಅಡಿ ಹಗ್ಗ ಪೊದೆಗೆ ಸುತ್ತಿಕೊಂಡಿತು, ಎದೆಪಟ್ಟಿಯ ಕೊಂಡಿ ಕಳಚಿತು, ನಾಯಿ ಹೋಯಿತು. ಅವಳು ಕೂಗಿ ಕೂಗಿ ಗಂಟಲು ಕಟ್ಟಿತು. ಕರಿಯನೂ ಎರಡು ಹೆಜ್ಜೆ ಮುಂದಿಟ್ಟಿದ್ದ. ಹಿರಿಯರು ನಾಲಗೆ ಮಡಿಚಿ ಒಂದು ಸಿಳ್ಳು ಹಾಕಿದರು, ನಿಂತ. ಇಪ್ಪತ್ತು ನಿಮಿಷದ ನಂತರ ಬ್ರೂನೋ ಮೈತುಂಬ ಕೆಸರು ಮೆತ್ತಿಕೊಂಡು ಬಂದ. ಬಾಯಲ್ಲಿ ಏನೂ ಇರಲಿಲ್ಲ. ಅವಳು ಬಾಯಿ ತೆಗೆಸಿ ನೋಡಿದಳು, ಒಂದು ಗರಿಯೂ ಇರಲಿಲ್ಲ.

ಹಿರಿಯರು: ನಿನ್ನನ್ನ ಹಂಗಿಸಲ್ಲಮ್ಮ. ಆದ್ರೆ ನೋಡಿದ್ಯಲ್ಲ. ಹಗ್ಗದ ಮೇಲೆ ನಂಬಿಕೆ ಇಟ್ಟರೆ ಹಗ್ಗ ಹರಿದ ದಿನ ಏನೂ ಉಳಿಯಲ್ಲ. ಮಾತು ಕಲಿಸು.

ಯುವತಿ: ಕಲಿಸ್ತೀನಿ. ಆದ್ರೆ ಕರಿಯನಂಥ ನಾಯಿ ನೂರಕ್ಕೆ ಒಂದು. ಇಲ್ಲಿಗೆ ಬರೋ ಮಿಕ್ಕ ತೊಂಬತ್ತೊಂಬತ್ತು ಜನರೂ ತಮ್ಮ ನಾಯಿ ಕರಿಯನೇ ಅಂತ ತಿಳ್ಕೊಂಡಿರ್ತಾರೆ. ಇದು ಪಾರ್ಕ್ ಅಲ್ಲ ಅಂಕಲ್. ಅರಣ್ಯ ಇಲಾಖೆಯ ಕಾಡು.

ಹಿರಿಯರು: ಪಾರ್ಕ್ ಆಗೋದ್ರಲ್ಲಿತ್ತು! 2021ರ ಶುರುವಿನಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂತ ಹೊರಟಾಗ ಇಲ್ಲಿ ಬಂದು ನಿಂತವರು ಯಾರು? ದಿನಾ ನಡೆಯೋರು, ಸೈಕಲ್ ಹೊಡೆಯೋರು, ಬಂಡೆ ಹತ್ತೋ ಹುಡುಗರು, ನಾಯಿ ಕರ್ಕೊಂಡು ಬರೋರು. ನಾನೂ ನಿಂತಿದ್ದೆ. ಕೊನೆಗೆ ಯೋಜನೆ ಬಿಟ್ಟರು. ಕಾಲಿಟ್ಟ ಜನ ಇದ್ದದ್ದಕ್ಕೆ ಕಾಡು ಉಳೀತು. ಬೇಲಿ ಹಾಕಿ ಎಲ್ಲರನ್ನೂ ಆಚೆ ಇಟ್ಟಿದ್ರೆ ಕೇಳೋರು ಯಾರಿರ್ತಿದ್ರು?

ಯುವತಿ: ಆ ಮಾತಿಗೆ ನಾನು ಕೈ ಮುಗೀತೀನಿ. ಆದ್ರೆ ಉಳಿಸಿದ್ದು ಯಾರಿಗೋಸ್ಕರ? ನಮಗೇ ಅಂದ್ರೆ ಅದೂ ಪಾರ್ಕೇ ಆಯ್ತಲ್ಲ, ಕಾಂಪೌಂಡ್ ಇಲ್ಲದ ಪಾರ್ಕು.

ಹಿರಿಯರು: ಕೆಳಗೆ ಕಸದ ಗುಡ್ಡೆ ಹತ್ತಿರ ಹನ್ನೆರಡು ನಾಯಿ ಗುಂಪು ಕಟ್ಟಿವೆ, ರಾತ್ರಿ ಹೊತ್ತು ಅವು ಮೇಲೆ ಬರ್ತವೆ. ಅವುಗಳನ್ನ ಬಿಟ್ಟು ಕರಿಯನ ಹಿಂದೆ ಬಿದ್ದಿದ್ದೀಯ. ಕಸ ತಿನ್ನೋ ನಾಯಿಗೂ ಮನೆ ಅನ್ನ ತಿನ್ನೋ ನಾಯಿಗೂ ವ್ಯತ್ಯಾಸ ಇಲ್ವಾ?

ಯುವತಿ: ಕೌಜುಗದ ಮರಿಗೆ ಆ ವ್ಯತ್ಯಾಸ ಗೊತ್ತಾ ಅಂಕಲ್?

ಮಳೆ ಜೋರಾಯಿತು. ಬಂಡೆಯ ಸೂರಿನ ಕೆಳಗೆ ಐದೂ ಜೀವ ಒತ್ತಿಕೊಂಡು ಕೂತೆವು. ಒದ್ದೆ ನಾಯಿಗಳ ವಾಸನೆ, ಹಿರಿಯರ ಬೀಡಿ ವಾಸನೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಶುರುಮಾಡಿದಳು.

ಯುವತಿ: ಕಸದ ಮಾತು ನೀವು ಸರಿಯಾಗೇ ಹೇಳಿದ್ರಿ. ಕಸ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ಮಹಾರಾಷ್ಟ್ರದ ಅಕೋಲೆ ಕಡೆ ಚಿರತೆ ಹಿಕ್ಕೆ ಪರೀಕ್ಷೆ ಮಾಡಿದಾಗ ಅದರ ಆಹಾರದ ತೂಕದಲ್ಲಿ ಶೇ 39ರಷ್ಟು ಸಾಕುನಾಯಿ, ಬೀದಿನಾಯಿಗಳೇ ಇದ್ವು. 2023ರಲ್ಲಿ ನಮ್ಮ ಕಡೆ, ಸಿಂಗಸಂದ್ರ, ಕೂಡ್ಲು ಹತ್ತಿರ ಒಂದು ಚಿರತೆ ಬಂತು. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಓಡಾಡಿದ್ದು ಕ್ಯಾಮೆರಾದಲ್ಲಿ ಬಂದಿತ್ತು. ನವೆಂಬರ್ 1ಕ್ಕೆ ಹಿಡಿಯೋಕೆ ಹೋದಾಗ ಗುಂಡು ತಗುಲಿ ಸತ್ತೋಯ್ತು. ರಾಜ್ಯೋತ್ಸವದ ದಿನ. ಹೊರಗೆ ಬಾವುಟ, ಹಾಡು. ನಾನು ಕಿಟಕಿ ಹಾಕ್ಕೊಂಡು ಕೂತಿದ್ದೆ.

ಹಿರಿಯರು: ಪಾಪ.

ಅವರ ಕೈ ಕರಿಯನ ಕೊರಳ ಮೇಲಿತ್ತು. ಈ ಗುಡ್ಡದ ಸುತ್ತಲೂ ಚಿರತೆ ಕಂಡದ್ದುಂಟು. 2022ರ ಡಿಸೆಂಬರಿನಲ್ಲಿ ಕೆಂಗೇರಿ ಕಡೆಯವರು ವಾರಗಟ್ಟಲೆ ಕತ್ತಲಾದ ಮೇಲೆ ಹೊರಬಿದ್ದಿರಲಿಲ್ಲ.

ಅಕ್ಟೋಬರಿನಲ್ಲಿ ಹುಲ್ಲು ಸೊಂಟದವರೆಗೆ. ನಡೆದಷ್ಟೂ ಉತ್ತರಾಣಿ ಬೀಜ ಪ್ಯಾಂಟಿಗೆ, ನಾಯಿ ರೋಮಕ್ಕೆ. ಪಾದದ ಸಂದಿಯಲ್ಲಿ ನೆಗ್ಗಿಲು ಮುಳ್ಳು. ಇದು ಉಣ್ಣೆಯ ಕಾಲವೂ ಹೌದು. ಇಳಿದು ಬಂದು ನೀಲಗಿರಿ ಮರದ ಬುಡದಲ್ಲಿ ಇಬ್ಬರೂ ಒಬ್ಬೊಬ್ಬರ ನಾಯಿಯನ್ನು ಮಲಗಿಸಿಕೊಂಡು ಕೂತರು. ಕರಿಯನ ಕಾಲ್ಬೆರಳುಗಳ ನಡುವೆ ಹರಳು ಬೀಜದಷ್ಟು ಉಬ್ಬಿದ ಬೂದು ಬಣ್ಣದ ಉಣ್ಣೆಯೊಂದು ಕಚ್ಚಿಕೊಂಡಿತ್ತು. ಹಿರಿಯರು ಉಗುರಲ್ಲಿ ಕೀಳಹೋದರು.

ಯುವತಿ: ಹಿಸುಕಬೇಡಿ, ತಗೊಳ್ಳಿ ಚಿಮಟ. ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೀರಿ. ಬಾಯಿ ಒಳಗೇ ಉಳಿದ್ರೆ ಕೀವಾಗುತ್ತೆ. ಹೋದ ವರ್ಷ ಇವನಿಗೆ ಉಣ್ಣೆ ಜ್ವರ ಬಂದು ಹದಿನೈದು ದಿನ ಅನ್ನ ಮುಟ್ಟಿರಲಿಲ್ಲ.

ಹಿರಿಯರು ಚಿಮಟ ಹಿಡಿದದ್ದು ಮೈಕ್ರೋಮೀಟರ್ ಹಿಡಿದ ಕೈಯಲ್ಲಿ. ಉಸಿರು ಬಿಗಿಹಿಡಿದು ಒಂದೇ ಎಳೆತ. ಎಂಟು ಸಣ್ಣ ಕಾಲು ಗಾಳಿಯಲ್ಲಿ ಆಡುತ್ತಿದ್ದವು. ಸೀಮೆಎಣ್ಣೆ ಹಾಕಿದ ಡಬ್ಬಿಯೊಳಗೆ ಬಿಟ್ಟರು. ಕರಿಯ ಆ ಜಾಗವನ್ನು ಒಮ್ಮೆ ನೆಕ್ಕಿ ತಲೆ ಕೆಳಗಿಟ್ಟ.

ಹಿರಿಯರು: ನಮ್ಮ ತಾಲ್ಲೂಕಲ್ಲಿ ಆತಕೂರು ಅಂತ ಊರಿದೆ. ಅಲ್ಲಿ ಒಂದು ನಾಯಿಗೆ ವೀರಗಲ್ಲು ಹಾಕಿದ್ರು, ಸಾವಿರ ವರ್ಷದ ಮೇಲಾಯ್ತು. ಗೊತ್ತಾ?

ಯುವತಿ: ಕೇಳಿದ್ದೀನಿ. ಪೂರ್ತಿ ಗೊತ್ತಿಲ್ಲ.

ಹಿರಿಯರು: ಗಂಗರ ಬೂತುಗ ಅಂತ ರಾಜ. ಅವನ ಕಡೆ ಮಣಲೆರ ಅಂತ ವೀರ. ಚೋಳರ ಜೊತೆ ತಕ್ಕೋಲದಲ್ಲಿ ಯುದ್ಧ ಗೆದ್ದು ಬಂದ್ರು, 949ರಲ್ಲಿ. ಏನು ಬೇಕು ಕೇಳು ಅಂತ ರಾಜ ಅಂದಾಗ ಮಣಲೆರ ಕೇಳಿದ್ದು ರಾಜನ ಬೇಟೆ ನಾಯಿ, ಕಾಳಿ ಅಂತ ಹೆಸರು. ರಾಜ ಕೊಟ್ಟ. ಆಮೇಲೆ ಬೆಳ್ತೂರಿನ ಪಡುವಲ ಗುಡ್ಡದಲ್ಲಿ ಆ ನಾಯೀನ ದೊಡ್ಡ ಕಾಡುಹಂದಿ ಮೇಲೆ ಬಿಟ್ಟ. ಎರಡೂ ಕಚ್ಚಾಡಿ ಎರಡೂ ಸತ್ವು. ಆ ನಾಯಿಗೆ ಆತಕೂರಿನ ಶಿವನ ಗುಡಿ ಮುಂದೆ ಕಲ್ಲು ನಿಲ್ಲಿಸಿ, ಜಮೀನು ಬಿಟ್ಟು, ಪೂಜೆ ಮಾಡದೆ ಊಟ ಮಾಡಬಾರದು ಅಂತ ಕಟ್ಟು ಮಾಡಿದ. ಈಗ ಕಸ್ತೂರಬಾ ರಸ್ತೆ ಮ್ಯೂಸಿಯಮ್‌ನಲ್ಲಿದೆ. ಪೀಣ್ಯಕ್ಕೆ ಬಂದ ಹೊಸದರಲ್ಲಿ ಊರಿನ ನೆನಪಾದಾಗ ಹೋಗಿ ಅದರ ಮುಂದೆ ನಿಂತ್ಕೋತಿದ್ದೆ. ಗುಡ್ಡ, ನಾಯಿ, ಮನುಷ್ಯ: ಇದು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ ಕಣಮ್ಮ.

ಯುವತಿ: ಹಂದಿಗೆ ಕಲ್ಲು ಹಾಕಿದವರು ಯಾರು ಅಂಕಲ್?

ಹಿರಿಯರು: ಅದೇ ಕಲ್ಲಲ್ಲಿ ಹಂದೀನೂ ಇದೆ. ಎರಡನ್ನೂ ಎದುರುಬದುರು ಕೆತ್ತಿದ್ದಾರೆ.

ಅವಳು ಬ್ರೂನೋನ ಕಿವಿ ಮಡಿಚಿ ಒಳಗೆ ನೋಡುತ್ತಿದ್ದವಳು ಕೈ ನಿಲ್ಲಿಸಿದಳು.

ಯುವತಿ: ಎರಡನ್ನೂ?

ಹಿರಿಯರು: ಎರಡನ್ನೂ. ಕೆತ್ತಿದವನು ಹಂದೀನ ಬಿಡಬಹುದಿತ್ತು. ಬಿಡಲಿಲ್ಲ.

ಯುವತಿ: ಆದ್ರೂ ಬಿಟ್ಟವನು ಮಣಲೆರ. ಆ ನಾಯಿ ತಾನಾಗಿ ಹೋಗಿರಲಿಲ್ಲ.

ಹಿರಿಯರು: ಹೌದು. ಬಿಟ್ಟವನು ಅವನೇ. ನಾನು ಹಾಗೆ ಯೋಚಿಸಿರಲಿಲ್ಲ.

ಮರುವಾರ ನಾನು ಮ್ಯೂಸಿಯಂಗೆ ಹೋಗಿ ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತೆ. ಅಷ್ಟು ಅಕ್ಷರಗಳ ನಡುವೆ ಎರಡು ಪ್ರಾಣಿಗಳು ಮುಖಕ್ಕೆ ಮುಖ ಕೊಟ್ಟಿವೆ. ಅದನ್ನು ನೋಡಿದ ಮೇಲೆ ಇವರಿಬ್ಬರಲ್ಲಿ ಒಬ್ಬರ ಪಕ್ಷ ವಹಿಸುವುದು ನನ್ನಿಂದ ಆಗಲಿಲ್ಲ.

ಜನವರಿ. ಪೀಣ್ಯದಿಂದ ಹಿರಿಯರು ತಮ್ಮ ಹಳೆಯ ಓಮ್ನಿಯಲ್ಲಿ ಬಂದದ್ದು ತಡವಾಗಿ. ನಾಯಿ ಇಲ್ಲದಿದ್ದರೆ ಮೆಟ್ರೊದಲ್ಲಿ ವಾಜರಹಳ್ಳಿಗೆ ಬಂದಿಳಿಯಬಹುದು. ಮೆಟ್ರೊ ನಾಯಿಯನ್ನು ಹತ್ತಿಸುವುದಿಲ್ಲ. ಮಂಜು ಎಷ್ಟಿತ್ತೆಂದರೆ ಗುಡ್ಡದ ಅರ್ಧ ಇರಲೇ ಇಲ್ಲ. ಅವಳ ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಅವರೆಕಾಳು ಉಪ್ಪಿಟ್ಟು, ಸೊಗಡು ಆಚೆವರೆಗೂ ಬರುತ್ತಿತ್ತು. ಕರಿಯ ಗಾಡಿಯಿಂದ ಇಳಿಯುವಾಗ ಕಾಲು ತಡವಿದ. ಕಣ್ಣುಗಳಲ್ಲಿ ತೆಳು ಹಾಲಿನಂಥ ಪೊರೆ.

ಹಿರಿಯರು: ಡಾಕ್ಟರು ನೋಡಿದ್ರು. ವಯಸ್ಸಾಯ್ತಲ್ಲ. ನಿನ್ನ ಹತ್ತಿರ ಆ ಉದ್ದ ಹಗ್ಗ ಇದೆಯಾ?

ಅವಳು ಏನೂ ಹೇಳದೆ ಚೀಲದಿಂದ ತೆಗೆದು ಕೊಟ್ಟಳು. ಅವರು ಕರಿಯನ ಕೊರಳ ಪಟ್ಟಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ತಮ್ಮ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡರು.

ಹಿರಿಯರು: ನಿನ್ನ ಮಾತು ಒಪ್ಪಿ ಕಟ್ತಿರೋದಲ್ಲ. ಅವನಿಗೆ ಬಂಡೆ ಅಂಚು ಕಾಣಲ್ಲ.

ಯುವತಿ: ಗೊತ್ತು ಅಂಕಲ್.

ಹಿರಿಯರು: ಕಣ್ಣು ಕಂಡಿದ್ರೆ ಬಿಡ್ತಿದ್ದೆ.

ಯುವತಿ: ಕಂಡಿದ್ರೆ ನಾನೂ ಜಗಳ ಆಡ್ತಿದ್ದೆ. ಮಾರ್ಚ್ ಬಂದ್ರೆ ಟಿಟ್ಟಿಭ ಮತ್ತೆ ಮೊಟ್ಟೆಗೆ ಕೂರುತ್ತೆ. ಮಳೆಗಾಲ ಹಿಡಿಯೋವರೆಗೆ ಆ ಕಡೆ ಹೋಗೋದು ಬೇಡ. ಇಡೀ ಗುಡ್ಡಕ್ಕೇ ನಾಯಿ ತರೋದು ಬೇಡ ಅಂತ ನನ್ನ ಮನಸ್ಸು ಹೇಳುತ್ತೆ, ಇವನ ಮುಖ ನೋಡಿದ್ರೆ ಕಾಲು ಇಲ್ಲಿಗೇ ಬರುತ್ತೆ.

ಹಿರಿಯರು: ಆ ಬಂಡೆ ಬಿಡ್ತೀನಿ. ಗುಡ್ಡ ಬಿಡಲ್ಲ. ಇವನಿಗೆ ಇನ್ನೆಷ್ಟು ಭಾನುವಾರ ಉಳಿದಿದ್ಯೋ.

ಹತ್ತಲು ಶುರುಮಾಡಿದೆವು. ಕರಿಯ ಮುಂದೆ, ಮೂಗು ನೆಲಕ್ಕೆ. ಪರಿಚಿತ ಕಲ್ಲು, ಪರಿಚಿತ ಬೇರು, ಎಲ್ಲೂ ತಪ್ಪದೆ ಹೋಗುತ್ತಿದ್ದ. ಹಿರಿಯರು ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋದರು: ಆರಡಿ, ಹತ್ತಡಿ, ಇಪ್ಪತ್ತಡಿ. ಮಂಜಿನಲ್ಲಿ ನಾಯಿ ಕಾಣದಾಯಿತು. ಹಗ್ಗ ಮಾತ್ರ ಒದ್ದೆ ಹುಲ್ಲಿನ ಮೇಲೆ ಸರಸರ ಹರಿಯುತ್ತಿತ್ತು. ಒಂದು ಕಡೆ ಅದು ನಿಂತಿತು. ಹಿರಿಯರು ನಿಂತರು. ಹಿಂದೆ ಬ್ರೂನೋನೂ ನಿಂತ.

ಯುವತಿ: (ಮೆಲ್ಲಗೆ) ಏನದು?

ಹಿರಿಯರು: ಮೊಲ. ರಾತ್ರಿದು. ಇರು, ಓದಿ ಮುಗಿಸಲಿ.